ಕೈಗೆ ಕೆಲಸ ಇರುವಾಗ ಕಿವಿಗೆ ಏನು? ಸಾರ್ವಜನಿಕ ರೇಡಿಯೊದ ಪಾಡ್‌ಕಾಸ್ಟ್ ಹೇಳಿ

ಹೊಲಿಗೆಮನೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮಷಿನ್ ಮುಂದೆ ಕೂತರೆ ಏಳುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಅಪ್ಪನೂ ಟೈಲರ್. ಅವರ ಅಂಗಡಿಯಲ್ಲಿ ಭದ್ರಾವತಿ ಆಕಾಶವಾಣಿ ಇಡೀ ದಿನ ಹಾಡುತ್ತಿತ್ತು. ವಾರ್ತೆ, ಕೃಷಿ ಕಾರ್ಯಕ್ರಮ, ನಾಟಕ ಎಲ್ಲ ಕೇಳಿಕೊಂಡೇ ನಾನು ಕತ್ತರಿ ಹಿಡಿಯುವುದು ಕಲಿತಿದ್ದು.

ಈಗ ಅಕ್ಕನ ಮಗ ಫೋನಿಗೆ ಪಾಡ್‌ಕಾಸ್ಟ್ ಹಾಕಿಕೊಟ್ಟಿದ್ದಾನೆ. ಅವನು ಹುಡುಕಿದ್ದರಲ್ಲಿ ಹೆಚ್ಚಿನವು ಇಬ್ಬರು ಕೂತು ಒಂದೂವರೆ ಗಂಟೆ ಹರಟುವಂಥವು, ನಡುನಡುವೆ ಜಾಹೀರಾತು. ಒಂದೇ ಒಂದು ಬೇರೆ ಥರ ಇತ್ತು, ಅಮೆರಿಕದ ಸಾರ್ವಜನಿಕ ರೇಡಿಯೊದ್ದಂತೆ. ಒಂದು ಕಥೆ, ನಾಲ್ಕು ಜನರ ದನಿ, ಮಧ್ಯೆ ಯಾರೋ ಬಾಗಿಲು ತೆಗೆದ ಸದ್ದು, ಮಳೆ ಸದ್ದು. ಅಪ್ಪನ ಅಂಗಡಿಯಲ್ಲಿ ಕೂತ ಹಾಗಾಯಿತು. ಅಂಥವು ಇನ್ನೂ ಬೇಕು.

ನನ್ನ ಕೆಲಸ ಹೇಗೆ ಅಂತ ಹೇಳಿಬಿಡುತ್ತೇನೆ, ಅದಕ್ಕೆ ಹೊಂದುವ ಹಾಗೆ ಹೇಳಿ. ಸೀರೆಗೆ ಫಾಲ್ ಹಚ್ಚುವಾಗ, ಹುಕ್ಕು ಹಾಕುವಾಗ ಕೈ ತಾನೇ ಓಡುತ್ತದೆ, ಕಿವಿ ಪೂರ್ತಿ ಖಾಲಿ. ಮಷಿನ್ ತುಳಿಯುವಾಗ ಅರ್ಧ ಮಾತು ಸದ್ದಿನಲ್ಲಿ ಹೋಗುತ್ತದೆ. ಕಟಿಂಗ್ ಮಾಡುವಾಗ ಯಾರ ಮಾತೂ ಬೇಡ, ಒಂದು ಅಳತೆ ತಪ್ಪಿದರೆ ಗಿರಾಕಿಯ ಬಟ್ಟೆ ಹಾಳು. ಕುಚ್ಚು ಕಟ್ಟುವುದು ಒಂದು ಸೀರೆಗೆ ಎರಡು ಮೂರು ಗಂಟೆ, ಆಗ ದೊಡ್ಡದೇನಾದರೂ ಬೇಕು. ಇಂಗ್ಲಿಷ್ ಅರ್ಥವಾಗುತ್ತದೆ. ತುಂಬ ಓಡಿಸಿಕೊಂಡು ಮಾತಾಡಿದರೆ ಮಾತ್ರ ತಪ್ಪಿಹೋಗುತ್ತದೆ.

ಮಿಲ್ಪಿಟಾಸ್ ರಸ್ತೆ

ಅಕ್ಕಾ, ನೀವು ಕೇಳಿದ್ದು ಯಾವುದೆಂದು ಊಹೆ ಮಾಡಬಲ್ಲೆ. 'ದಿಸ್ ಅಮೆರಿಕನ್ ಲೈಫ್' ಇರಬೇಕು. ಷಿಕಾಗೊದ ಡಬ್ಲ್ಯುಬಿಇಝಡ್ ಎನ್ನುವ ಸಾರ್ವಜನಿಕ ನಿಲಯದಲ್ಲಿ 1995ರಲ್ಲಿ ಶುರುವಾದದ್ದು, ನಡೆಸಿಕೊಡುವವರು ಐರಾ ಗ್ಲಾಸ್. ವಾರಕ್ಕೊಂದು ವಿಷಯ ಹಿಡಿದು ಅದನ್ನು ಎರಡು ಮೂರು ಅಂಕಗಳಲ್ಲಿ ಹೇಳುತ್ತಾರೆ, ನಮ್ಮ ನಾಟಕದ ಹಾಗೆ. ಇಲ್ಲಿನ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಝರ್ ಪ್ರಶಸ್ತಿಯಲ್ಲಿ ಆಡಿಯೊ ವರದಿಗಾರಿಕೆಗೆ ಒಂದು ವಿಭಾಗ ತೆರೆದದ್ದು 2020ರಲ್ಲಿ, ಮೊದಲ ಸಲವೇ ಅದು ಇವರಿಗೆ ಬಂತು. ಒಂದು ಕಂತು ಸುಮಾರು ಒಂದು ಗಂಟೆ. ನಿಮ್ಮ ಕುಚ್ಚಿಗೆ ಸರಿಹೋಗುತ್ತದೆ. ಮಾತು ನಿಧಾನ, ಮಾತಿನ ನಡುವೆ ಉಸಿರಾಡಲು ಜಾಗ ಇದೆ.

ಇಲ್ಲಿ ಅಮೆರಿಕದಲ್ಲಿ ರೇಡಿಯೊ ಕೇಳುವವರ ಬಾಯಲ್ಲಿ 'ಡ್ರೈವ್‌ವೇ ಮೊಮೆಂಟ್' ಎಂಬ ಮಾತಿದೆ. ಮನೆ ಬಂದಿದೆ, ಕಾರು ನಿಂತಿದೆ, ಕಥೆ ಮುಗಿದಿಲ್ಲ. ಎಂಜಿನ್ ಆರಿಸಿ ಅಲ್ಲೇ ಕೂತು ಕೊನೆಯವರೆಗೂ ಕೇಳುವ ಆ ಐದು ನಿಮಿಷಕ್ಕೆ ಇಟ್ಟ ಹೆಸರು. ನಾನು ದಿನಾ ಎರಡು ಗಂಟೆ ರಸ್ತೆಯಲ್ಲಿ ಇರುವವನು. ಹನ್ನೊಂದು ವರ್ಷದಲ್ಲಿ ಆ ಐದು ನಿಮಿಷಗಳನ್ನು ಎಷ್ಟು ಸಲ ಕೂತಿದ್ದೇನೋ. ಕಿಟಕಿಯಿಂದ ಮಗಳು ನೋಡಿ "ಅಪ್ಪ ಬಂದ್ರು, ಆದರೆ ಇನ್ನೂ ಬಂದಿಲ್ಲ" ಅಂತ ಅಮ್ಮನಿಗೆ ಹೇಳುತ್ತಾಳೆ.

ನೀವು ಮೊದಲು ಕೇಳಲೇಬೇಕಾದದ್ದು ಬೇರೆ. ಎನ್‌ಪಿಆರ್‌ನ 'ಪ್ಲಾನೆಟ್ ಮನಿ'. ಎನ್‌ಪಿಆರ್ ಅಂದರೆ ಅಮೆರಿಕದ ರಾಷ್ಟ್ರೀಯ ಸಾರ್ವಜನಿಕ ರೇಡಿಯೊ. 2008ರ ಆರ್ಥಿಕ ಕುಸಿತದ ಹೊತ್ತಿಗೆ, ಮನೆ ಸಾಲ ಹೇಗೆ ಮುಳುಗಿತು ಅಂತ ಜನಸಾಮಾನ್ಯರಿಗೆ ತಿಳಿಯುವಂತೆ ಹೇಳಲು ಹುಟ್ಟಿದ ಕಾರ್ಯಕ್ರಮ ಇದು. 2013ರಲ್ಲಿ ಇವರೇ ಒಂದು ಟೀ ಶರ್ಟ್ ಹೊಲಿಸಲು ಹೊರಟರು. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಹಿಡಿದು ಇಂಡೊನೇಷ್ಯದ ನೂಲಿನ ಗಿರಣಿ, ಆಮೇಲೆ ಹೊಲಿಯುವ ಕಾರ್ಖಾನೆ, ಹಡಗು, ಕೊನೆಗೆ ಹಳೆಯ ಬಟ್ಟೆ ಮಾರುವ ಕೆನ್ಯಾದ ಸಂತೆಯವರೆಗೂ ಅಂಗಿಯ ಬೆನ್ನು ಹತ್ತಿ ಹೋದರು. ಗಂಡಸರ ಅಂಗಿ ಬಾಂಗ್ಲಾದೇಶದಲ್ಲಿ, ಹೆಂಗಸರದ್ದು ಕೊಲಂಬಿಯದಲ್ಲಿ ಹೊಲಿದದ್ದು. ಒಂದೊಂದು ಕಂತು ಇಪ್ಪತ್ತು ಇಪ್ಪತ್ತೈದು ನಿಮಿಷ. ಹೊಲಿಗೆ ಬಲ್ಲವರು ಅದನ್ನು ಕೇಳಿ ಏನು ಹೇಳುತ್ತೀರೋ ತಿಳಿಯಬೇಕು ಅಂತ ನನಗೆ ನಿಜವಾಗಲೂ ಆಸೆ.

ಕೆಲಗೇರಿ ಮಾಸ್ತರ (ಧಾರವಾಡ)

ತಂಗಿ, ನಾ ನಿವೃತ್ತ ಇತಿಹಾಸ ಮಾಸ್ತರ. ದಿನಾ ಮುಂಜಾನೆ ಕೆಲಗೇರಿ ಕೆರಿ ದಂಡಿಗುಂಟ ಅಡ್ಡಾಡಾಕ ಹೋಗ್ತೀನಿ, ನಲವತ್ತೈದು ನಿಮಿಷ. ಅಷ್ಟಕ್ಕ ಸರಿಯಾಗಿ ಬಿಬಿಸಿ ರೇಡಿಯೊ 4ರ 'ಇನ್ ಅವರ್ ಟೈಮ್' ಐತಿ. 1998ರ ಅಕ್ಟೋಬರ್‌ದಾಗ ಸುರು ಆಗಿದ್ದು. ಮೆಲ್ವಿನ್ ಬ್ರ್ಯಾಗ್ ಅನ್ನವ್ರು 2025ರ ಸಪ್ಟೆಂಬರ್‌ದಾಗ ಬಿಡೂ ಮಟಾ ಒಬ್ಬರ ನಡಸಿಕೊಂಡು ಬಂದ್ರು, ಸಾವಿರಕ್ಕಿಂತ ಹೆಚ್ಚು ಕಂತು. ಒಂದು ವಿಷಯ, ಮೂರು ಮಂದಿ ಪ್ರಾಧ್ಯಾಪಕರು, ಹಾಡಿಲ್ಲ, ಅಬ್ಬರಿಲ್ಲ. ಉತ್ತರ ಗಾಳಿಗೆ ಹೋತು ಅಂದ್ರ ಬ್ರ್ಯಾಗ್ ಅವರನ್ನ ಮತ್ತ ಹಾದಿಗೆ ತರತಿದ್ರು. ಛಲೋ ಮಾಸ್ತರ ಮಾಡೂದು ಅದನ್ನ.

ಅದರಾಗ ಅಶೋಕನ ಮ್ಯಾಲೆ ಒಂದು ಕಂತು ಐತಿ, 2015ರದ್ದು. ಅದನ್ನ ಕೇಳ್ಕೋತ ಹೊಂಟಾಗ ನಮ್ಮ ರಾಯಚೂರು ಜಿಲ್ಲಾದ ಮಸ್ಕಿ ನೆನಪಾತು. 1915ರಾಗ ಅಲ್ಲಿ ಸಿಕ್ಕ ಶಾಸನದಾಗ 'ದೇವಾನಾಂಪಿಯ' ಅನ್ನೂ ಬಿರುದಿನ ಸಂಗತೀಲೆ 'ಅಸೋಕ' ಅಂತ ಹೆಸರೂ ಐತಿ. ದೇಶದ ತುಂಬ ಬಂಡಿಗಲ್ಲಿನ ಮ್ಯಾಲೆ ಬರಸಿದ ಆ ರಾಜಾ ಯಾರು ಅನ್ನೂದು ಗಟ್ಟಿ ಆಗಿದ್ದು ನಮ್ಮ ಮಸ್ಕಿ ಗುಡ್ಡದಾಗ. ಹುಡುಗರನ್ನ ಅಲ್ಲಿಗೆ ನಾಕು ಸಲ ಕರಕೊಂಡು ಹೋಗಿದ್ದೆ. ಕೆರಿ ದಂಡಿ ಮ್ಯಾಲೆ ನಿಂತು, ಮತ್ತ ಪಾಠ ಮಾಡಬೇಕು ಅನಿಸ್ತು ನೋಡ್ರಿ.

ಇನ್ನೊಂದು. 2010ರಾಗ ಬ್ರಿಟಿಷ್ ಮ್ಯೂಸಿಯಂದ ನಿರ್ದೇಶಕ ನೀಲ್ ಮೆಕ್‌ಗ್ರೆಗರ್ ಅವರು ಬಿಬಿಸಿಯೊಳಗ ನೂರು ವಸ್ತು ಇಟಗೊಂಡು ಜಗತ್ತಿನ ಇತಿಹಾಸ ಹೇಳಿದ್ರು. ಒಂದು ವಸ್ತುಕ್ಕ ಹದಿನೈದು ನಿಮಿಷ. ಮನಶ್ಯಾ ಮೊದಲ ಹಿಡದ ಕಲ್ಲಿನ ಹತಾರದಿಂದ ಹಿಡದು ಕಡೀಕ ಸೌರ ದೀಪದ ತನಕ. ಸಿಂಧೂ ಕಣಿವಿ ಮುದ್ರಿ, ಅಶೋಕನ ಕಂಬದ ತುಣುಕು, ನಮ್ಮ ಕಡಿ ವಸ್ತುನೂ ಅದಾವ. ನಿಮ್ಮ ಹುಕ್ಕು ಹಾಕೂ ಹೊತ್ತಿಗೆ ಇದು ಬರೋಬ್ಬರಿ.

ಕಿವಿಯೇ ಪುಟ

ಮೇಷ್ಟ್ರು ಹೇಳಿದ ನೂರು ವಸ್ತುಗಳ ಸರಣಿ ನನಗೆ ತುಂಬಾ ಹತ್ತಿರದ್ದು, ಯಾಕೆಂದು ಹೇಳುತ್ತೇನೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮ್ಯೂಸಿಯಂಗೆ ಹೋದರೆ ಗಾಜಿನ ಹೊರಗೆ ನಿಂತು ಬರುವುದಷ್ಟೆ, ಜೊತೆಯವರು ಎರಡು ಮಾತು ಹೇಳಿ ಮುಂದೆ ಹೋಗುತ್ತಾರೆ. ಈ ಸರಣಿಯಲ್ಲಿ ಯಾರಿಗೂ ವಸ್ತು ಕಾಣುವುದಿಲ್ಲ. ಹಾಗಾಗಿ ಅದು ಎಷ್ಟು ದೊಡ್ಡದು, ಅಂಗೈಯಲ್ಲಿ ಹೇಗೆ ಕೂರುತ್ತದೆ, ಅಂಚು ಎಲ್ಲಿ ಸವೆದಿದೆ ಎಂದು ಎಲ್ಲರಿಗೂ ಹೇಳಲೇಬೇಕು. ಆ ಹದಿನೈದು ನಿಮಿಷ ನಾನೂ ಉಳಿದವರೂ ಒಂದೇ ಸಾಲಿನಲ್ಲಿ ನಿಂತಿರುತ್ತೇವೆ.

ರೇಡಿಯೊ 4ರಲ್ಲಿ 'ಇನ್ ಟಚ್' ಎಂಬುದೂ ಇದೆ. ಕಣ್ಣು ಕಾಣದವರಿಗೆಂದೇ 1961ರಿಂದ ನಡೆಯುತ್ತಿದೆ. ಬಹಳ ಕಾಲ ಅದನ್ನು ನಡೆಸಿದ ಪೀಟರ್ ವೈಟ್ ಅವರಿಗೂ ಹುಟ್ಟಿನಿಂದಲೇ ಕಣ್ಣಿಲ್ಲ. ನಾನು ಬಟ್ಟೆ ಒಗೆದು ಮಡಚುವಾಗ ಕೇಳುತ್ತೇನೆ, ಇಪ್ಪತ್ತೇ ನಿಮಿಷ.

ಹೊಲಿಗೆಮನೆಯವರಿಗೆ ಒಂದು ಉಪಾಯ. 'ದಿಸ್ ಅಮೆರಿಕನ್ ಲೈಫ್' ತನ್ನ ಜಾಲತಾಣದಲ್ಲಿ ಪ್ರತಿ ಕಂತಿನ ಪೂರ್ತಿ ಮಾತನ್ನು ಬರಹದಲ್ಲಿ ಹಾಕುತ್ತದೆ. ಎನ್‌ಪಿಆರ್ ಕಾರ್ಯಕ್ರಮಗಳಿಗೂ ಸಾಮಾನ್ಯವಾಗಿ ಸಿಗುತ್ತದೆ. ಮಷಿನ್ ಸದ್ದಿನಲ್ಲಿ ತಪ್ಪಿಹೋದ ಮಾತನ್ನು ಆಮೇಲೆ ಓದಿಕೊಳ್ಳಬಹುದು. ಆ್ಯಪಿನಲ್ಲಿ ವೇಗ ಸ್ವಲ್ಪ ಇಳಿಸಿಕೊಂಡರೂ ಆದೀತು. ವೇಗ ಏರಿಸುವವರಿಗೂ ಒಂದು ಮಾತು. ಫೋನಿನ ಪರದೆ ಓದುವ ದನಿಯನ್ನು ನಾನು ಎರಡರಷ್ಟು ವೇಗದಲ್ಲಿ ಕೇಳುತ್ತೇನೆ, ರೂಢಿಯಾಗಿದೆ. ಕಥೆಗಳನ್ನು ಮಾತ್ರ ಹಾಗೆ ಓಡಿಸಬೇಡಿ. ತಾಯಿಯೊಬ್ಬಳು ಉತ್ತರ ಕೊಡುವ ಮುಂಚೆ ಮೂರು ಸೆಕೆಂಡು ಸುಮ್ಮನಾದರೆ ಆ ಮೂರು ಸೆಕೆಂಡೂ ಕಥೆಯೇ.

ಕಾಫಿತೋಟ (ಸಕಲೇಶಪುರ)

ನಮ್ಮ ತೋಟದಲ್ಲಿ ನೆಟ್‌ವರ್ಕ್ ಇಲ್ಲ. ರಾತ್ರಿ ಮನೆಯ ವೈಫೈನಲ್ಲಿ ಇಳಿಸಿಕೊಂಡು ಬೆಳಿಗ್ಗೆ ಜೇಬಿನಲ್ಲಿ ಒಯ್ಯುತ್ತೇನೆ. 'ಆಂಟೆನಾಪಾಡ್' ಎಂಬ ಆ್ಯಪ್ ಇದೆ, ಪುಕ್ಕಟೆ, ಅದರಲ್ಲೇನೂ ಜಾಹೀರಾತಿಲ್ಲ. ಬೇಕಾದ ಕಾರ್ಯಕ್ರಮಕ್ಕೆ ಚಂದಾ ಒತ್ತಿ, ಹೊಸ ಕಂತು ಬಂದಾಗ ವೈಫೈ ಇದ್ದರೆ ಮಾತ್ರ ತಾನೇ ಇಳಿಸಿಕೋ ಅಂತ ಹೇಳಿಟ್ಟರೆ ಮುಗಿಯಿತು. ಕೇಳಿ ಮುಗಿದದ್ದನ್ನು ಅಳಿಸುವುದಕ್ಕೂ ಹೇಳಿಡಬಹುದು. ದುಡ್ಡು ಕೊಡದೆ, ಖಾತೆ ತೆರೆಯದೆ ಇಷ್ಟೆಲ್ಲ ಸಿಗುವುದು ಪಾಡ್‌ಕಾಸ್ಟ್ ಎಂಬುದರ ಬುಡದಲ್ಲಿರುವ ಆರ್‌ಎಸ್‌ಎಸ್ ಫೀಡ್, ಅಂದರೆ ಯಾವ ಆ್ಯಪ್ ಬೇಕಾದರೂ ಓದಬಹುದಾದ ಕಂತುಗಳ ಪಟ್ಟಿ, ಎಲ್ಲರಿಗೂ ತೆರೆದಿರುವುದರಿಂದ. 'ಪಾಕೆಟ್ ಕಾಸ್ಟ್ಸ್' ಎಂಬ ಇನ್ನೊಂದು ಒಳ್ಳೆಯ ಆ್ಯಪನ್ನು 2018ರಲ್ಲಿ ಎನ್‌ಪಿಆರ್ ಮತ್ತಿತರ ಸಾರ್ವಜನಿಕ ರೇಡಿಯೊದವರೇ ಸೇರಿ ಕೊಂಡಿದ್ದರು, 2021ರಲ್ಲಿ ಮಾರಿದರು.

ನನ್ನ ಆಯ್ಕೆ ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿ ನಿಲಯದ 'ರೇಡಿಯೋಲ್ಯಾಬ್'. ವಿಜ್ಞಾನವನ್ನು ಸದ್ದಿನಲ್ಲಿ ತೋರಿಸುತ್ತಾರೆ. ಬಣ್ಣಗಳ ಬಗ್ಗೆ ಒಂದು ಕಂತಿದೆ. ನಾಯಿಗೆ ಎಷ್ಟು ಬಣ್ಣ ಕಾಣುತ್ತದೆ, ಮನುಷ್ಯನಿಗೆ ಎಷ್ಟು, ಚಿಟ್ಟೆಗೆ ಎಷ್ಟು ಅನ್ನುವುದನ್ನು ಹಾಡುವವರ ಮೇಳದಿಂದ ಕೇಳಿಸುತ್ತಾರೆ. ನಾಯಿಗೆ ಎರಡು ಮೂರು ದನಿ. ಮನುಷ್ಯನಿಗೆ ಇನ್ನೂ ಕೆಲವು ಸೇರುತ್ತವೆ. ಕಡೆಗೆ ಮ್ಯಾಂಟಿಸ್ ಸೀಗಡಿಯ ಸರದಿ ಬಂದಾಗ ಇಡೀ ಮೇಳ ಎದ್ದು ಹಾಡುತ್ತದೆ. ಮೆಣಸಿನ ಬಳ್ಳಿ ಕಟ್ಟುತ್ತಿದ್ದವನು ಕೈ ಬಿಟ್ಟು ನಿಂತುಬಿಟ್ಟೆ.

ಅದರ ಈಗಿನ ನಿರೂಪಕರಲ್ಲಿ ಒಬ್ಬರಾದ ಲತೀಫ್ ನಾಸರ್ ಅವರ ಮಗುವಿನ ಕೋಣೆಯಲ್ಲಿ ಸೌರವ್ಯೂಹದ ಒಂದು ಚಿತ್ರಪಟ ಇತ್ತಂತೆ. ಶುಕ್ರ ಗ್ರಹದ ಪಕ್ಕ 'ಝೂಜ಼್ವಿ' ಅಂತ ಒಂದು ಚಂದ್ರನ ಹೆಸರು. ಶುಕ್ರನಿಗೆ ಚಂದ್ರನೇ ಇಲ್ಲವಲ್ಲ ಅಂತ ಬೆನ್ನು ಹತ್ತಿದರೆ, 2002ವಿಇ68 ಎನ್ನುವ ಕ್ಷುದ್ರಗ್ರಹದ ಸಂಖ್ಯೆಯಲ್ಲಿ 2002ವಿಇ ಎಂಬ ಮೊದಲ ಭಾಗವನ್ನು ಚಿತ್ರ ಬರೆದವರು ಅಕ್ಷರ ಅಂತ ಓದಿಕೊಂಡಿದ್ದರು. ಎರಡು ಅಂಕಿಯನ್ನು ಇಂಗ್ಲಿಷಿನ ಝಡ್ ಅಂತ, ಸೊನ್ನೆಯನ್ನು ಓ ಅಂತ. ಆ ಕಲ್ಲು ಸೂರ್ಯನನ್ನೇ ಸುತ್ತಿದರೂ ಶುಕ್ರನ ಜೊತೆಜೊತೆಗೇ ಇರುವಂಥದ್ದು, ಅರೆಚಂದ್ರ ಅನ್ನಬಹುದೇನೋ. ತಪ್ಪು ಓದಿ ಹುಟ್ಟಿದ ಆ ಹೆಸರನ್ನೇ ಇಡಿ ಅಂತ ಇವರು ಖಗೋಳ ಒಕ್ಕೂಟಕ್ಕೆ ಬರೆದರು. 2024ರ ಫೆಬ್ರುವರಿಯಲ್ಲಿ ಅದೇ ಅಧಿಕೃತ ಹೆಸರಾಯಿತು.

ತೋಟ ಕಾಡಲ್ಲಿ ಕೇಳುವವರಿಗೆ ಮುಖ್ಯವಾದ ಮಾತು: ಒಂದೇ ಕಿವಿಗೆ ಹಾಕಿಕೊಳ್ಳಿ. ನಮ್ಮ ಕಡೆ ಆನೆ ಓಡಾಡುತ್ತದೆ. ಬಿದಿರು ಮುರಿದ ಸದ್ದು ಕೇಳದಿದ್ದರೆ ಕಥೆ ಕೇಳಲು ನಾವೇ ಇರುವುದಿಲ್ಲ. ರಸ್ತೆಯಲ್ಲಿ ನಡೆಯುವವರಿಗೂ ಇದೇ.

ಲೀಡ್ಸ್ ರಾತ್ರಿಪಾಳಿ

ನಾನು ಮಂಗಳೂರಿನವಳು, ಇಂಗ್ಲೆಂಡಿನಲ್ಲಿ ನರ್ಸ್. ವಾರದಲ್ಲಿ ನಾಲ್ಕು ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದ ಮೇಲೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ರೇಡಿಯೊ 4ರಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಹಡಗಿನವರಿಗೆ ಹವಾಮಾನ ಓದುತ್ತಾರೆ, 'ಶಿಪ್ಪಿಂಗ್ ಫೋರ್‌ಕಾಸ್ಟ್'. ಬ್ರಿಟನ್ನಿನ ಸುತ್ತಲ ಸಮುದ್ರವನ್ನು 31 ಭಾಗ ಮಾಡಿದ್ದಾರೆ. ವೈಕಿಂಗ್, ಫೋರ್ಟೀಸ್, ಕ್ರಾಮರ್ಟಿ, ಡಾಗರ್, ಫಿಶರ್ ಅಂತ ಒಂದೊಂದರ ಗಾಳಿ, ಅಲೆ, ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು ಒಂದೇ ಲಯದಲ್ಲಿ ಓದುತ್ತಾ ಹೋಗುತ್ತಾರೆ. ಇದನ್ನೇ ನಾನು ಬೆಳಿಗ್ಗೆ ಹಾಕಿಕೊಂಡು ಮಲಗುವುದು. ಮೀನುಗಾರರ ಮನೆಯಲ್ಲಿ ಬೆಳೆದವಳು ನಾನು, ದೊಡ್ಡಪ್ಪ ಬೋಟಿಗೆ ಹೋಗುವ ಮುಂಚೆ ರೇಡಿಯೊಗೆ ಕಿವಿ ಹಚ್ಚುತ್ತಿದ್ದರು. ಗಾಳಿಯ ಸುದ್ದಿ ಕೇಳಿದರೆ ಯಾರೋ ನಮ್ಮವರ ಬಗ್ಗೆ ಕಾಳಜಿ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಅಡುಗೆ ಮಾಡುವಾಗ 'ದಿ ಆರ್ಚರ್ಸ್'. ಹಳ್ಳಿಯೊಂದರ ಧಾರಾವಾಹಿ, 1951ರ ಜನವರಿ 1ರಿಂದ ಇಡೀ ದೇಶಕ್ಕೆ ಪ್ರಸಾರವಾಗುತ್ತಾ ಬಂದಿದೆ. ಕಂತು ಹದಿಮೂರು ನಿಮಿಷ, ಒಂದು ಒಗ್ಗರಣೆ ಒಂದು ಪಲ್ಯ ಆಗುವಷ್ಟು. ಯುದ್ಧ ಮುಗಿದು ಆಹಾರಕ್ಕೆ ಪಡಿತರ ಇದ್ದ ಕಾಲದಲ್ಲಿ ರೈತರಿಗೆ ಹೊಸ ಬೇಸಾಯ ತಿಳಿಸಬೇಕೆಂದು ಶುರು ಮಾಡಿದ್ದಂತೆ. ನಮ್ಮ ಕೃಷಿ ಕಾರ್ಯಕ್ರಮಗಳಲ್ಲಿ ಗೌಡರೂ ಅಧಿಕಾರಿಯೂ ಕೂತು ಗೊಬ್ಬರದ ಮಾತಾಡುತ್ತಿದ್ದರಲ್ಲ, ಅದರ ಸೋದರಸಂಬಂಧಿ ಎನ್ನಬಹುದು.

ಬಿಬಿಸಿಗೆ ತಮಿಳು, ತೆಲುಗು, ಮರಾಠಿ, ಗುಜರಾತಿ ಸೇವೆಗಳಿವೆ, ಕನ್ನಡದ್ದು ಇಲ್ಲ. ಈ ಮಾತು ಪ್ರತಿ ಸಲ ನೆನೆದಾಗಲೂ ನೋವಾಗುತ್ತದೆ.

ಗ್ಯಾರೇಜ್ (ಹಾಸನ)

ನಾನು ಮೆಕ್ಯಾನಿಕ್. ನನ್ನದು ಒಂದೇ, 'ಕಾರ್ ಟಾಕ್'. ಟಾಮ್ ಮತ್ತು ರೇ ಮ್ಯಾಲಿಯಾಟ್ಸಿ ಅಂತ ಅಣ್ಣತಮ್ಮ, ಇಬ್ಬರೂ ಎಂಐಟಿ ಎಂಬ ಹೆಸರಾಂತ ತಾಂತ್ರಿಕ ವಿದ್ಯಾಲಯದಲ್ಲಿ ಓದಿ ಬೋಸ್ಟನ್ ಹತ್ತಿರ ಗ್ಯಾರೇಜ್ ಇಟ್ಟವರು. 1977ರಲ್ಲಿ ಡಬ್ಲ್ಯುಬಿಯುಆರ್ ನಿಲಯದಲ್ಲಿ ಶುರು, ಹತ್ತು ವರ್ಷದ ಮೇಲೆ ಇಡೀ ಅಮೆರಿಕಕ್ಕೆ. ಜನ ಫೋನ್ ಮಾಡಿ ಬಾಯಲ್ಲೇ ಗಾಡಿಯ ಸದ್ದು ಮಾಡಿ ತೋರಿಸುತ್ತಾರೆ, ಇವರು ನಗುತ್ತಾ ನಗುತ್ತಾ ಬೇರಿಂಗೋ ಬೆಲ್ಟೋ ಹೇಳುತ್ತಾರೆ. ನಮ್ಮ ಗ್ಯಾರೇಜಿಗೆ ಬರುವವರೂ ಹಾಗೇ, "ಗರ್ ಗರ್ ಅಂತದೆ ಅಣ್ಣಾ" ಅಂತಾರೆ. ಹೊಸ ಕಂತು 2012ಕ್ಕೆ ನಿಂತಿತು, ಟಾಮ್ 2014ರಲ್ಲಿ ತೀರಿಕೊಂಡರು. ಹಳೆಯವು ಪಾಡ್‌ಕಾಸ್ಟ್ ಆಗಿ ಸಿಗುತ್ತವೆ. ಇಂಗ್ಲಿಷ್ ಎಲ್ಲ ತಿಳಿಯದಿದ್ದರೂ ಆ ನಗು ತಿಳಿಯುತ್ತದೆ.

ಮಿಲ್ಪಿಟಾಸ್ ರಸ್ತೆ

ಇಷ್ಟೆಲ್ಲ ಬಂದಮೇಲೆ 'ಸೀರಿಯಲ್' ಬಿಟ್ಟರೆ ಹೇಗೆ. 2014ರಲ್ಲಿ 'ದಿಸ್ ಅಮೆರಿಕನ್ ಲೈಫ್' ತಂಡದಿಂದಲೇ ಬಂದದ್ದು, ನಿರೂಪಕಿ ಸಾರಾ ಕೇನಿಗ್. ಪಾಡ್‌ಕಾಸ್ಟ್ ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತಾದದ್ದೇ ಇದರಿಂದ. ಬಾಲ್ಟಿಮೋರಿನಲ್ಲಿ 1999ರಲ್ಲಿ ಹೈಸ್ಕೂಲು ಹುಡುಗಿಯೊಬ್ಬಳ ಕೊಲೆಯಾಯಿತು, ಅವಳ ಹಳೆಯ ಗೆಳೆಯನಿಗೆ ಜೀವಾವಧಿ ಶಿಕ್ಷೆ. ಆ ವಿಚಾರಣೆ ಸರಿಯಿತ್ತೇ ಎಂದು ಹನ್ನೆರಡು ಕಂತಿನಲ್ಲಿ ಕೆದಕುತ್ತಾರೆ. ಕುಚ್ಚು ಕಟ್ಟಲು ಕೂತರೆ ಏಳುವುದೇ ಬೇಡ ಅನ್ನಿಸುತ್ತದೆ.

ಬಾನುಲಿ ಹಳಬಳು (ಮೈಸೂರು)

ಮಿಲ್ಪಿಟಾಸಿನವರೇ, ಈ ಒಂದಕ್ಕೆ ನನ್ನ ವಿರೋಧವಿದೆ. ಸೀರಿಯಲ್ ಕೇಳಿದ್ದೇನೆ, ಕಟ್ಟಿದ ಕೌಶಲ ದೊಡ್ಡದು, ಒಪ್ಪುತ್ತೇನೆ. ಆದರೆ ಸತ್ತ ಹುಡುಗಿಗೆ ಒಂದು ಮನೆ ಇತ್ತು, ತಾಯಿ ಇದ್ದಳು. ನಾವು ಪಾತ್ರೆ ತೊಳೆಯುತ್ತಾ "ಮುಂದೇನಾಯಿತು" ಎಂದು ಕಾಯುವಾಗ ಅವರ ಮನೆಯಲ್ಲಿ ಅದು ಕಂತಲ್ಲ. ಆ ಹುಡುಗನ ಶಿಕ್ಷೆ 2022ರಲ್ಲಿ ರದ್ದಾಯಿತು, ಮತ್ತೆ ಊರ್ಜಿತವಾಯಿತು, 2025ರಲ್ಲಿ ಇದುವರೆಗೆ ಅನುಭವಿಸಿದ ಸೆರೆಯೇ ಸಾಕೆಂದು ನ್ಯಾಯಾಧೀಶರು ಹೇಳಿದರು. ಪ್ರತಿ ತಿರುವಿನಲ್ಲೂ ಆ ಕುಟುಂಬ ಮತ್ತೆ ಕೋರ್ಟಿಗೆ ಬಂದು ನಿಲ್ಲಬೇಕಾಯಿತು. ನ್ಯಾಯ ತಪ್ಪಿದ್ದರೆ ಕೇಳಲೇಬೇಕು, ಅದು ಪತ್ರಕರ್ತರ ಕೆಲಸ. ಕೇಳುವವರಾಗಿ ನಾವು ಅದನ್ನು ಬೇರೆ ಕೆಲಸದ ಮಧ್ಯೆ ಹಾಕಿಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಕೂತು ಕೇಳಿ.

ಮಿಲ್ಪಿಟಾಸ್ ರಸ್ತೆ

ಮೇಡಂ, ನೀವು ಹೇಳಿದ ಮೇಲೆ ಯೋಚಿಸಿದೆ. ಆಗ ನಾನು ಕಾರಿನಲ್ಲಿ ಕೇಳುತ್ತಾ ಅಪರಾಧಿ ಯಾರಿರಬಹುದು ಅಂತ ಆಫೀಸಿನಲ್ಲಿ ಪಣ ಕಟ್ಟುವವರ ಜೊತೆ ಸೇರಿಕೊಂಡಿದ್ದೆ. ಅದು ಸರಿಯಿರಲಿಲ್ಲ. ಕುಚ್ಚಿಗೆ ಎಂದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದರ ಬದಲು 'ಫ್ರೆಶ್ ಏರ್' ಹೇಳುತ್ತೇನೆ, ಫಿಲಡೆಲ್ಫಿಯದ ಡಬ್ಲ್ಯುಎಚ್‌ವೈವೈ ನಿಲಯದ್ದು. ಟೆರಿ ಗ್ರಾಸ್ 1975ರಿಂದ ಅಲ್ಲಿ ಸಂದರ್ಶನ ಮಾಡುತ್ತಿದ್ದಾರೆ. ಬರಹಗಾರರು, ನಟರು, ವಿಜ್ಞಾನಿಗಳು. ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಅವರು ಕಾಯುವ ರೀತಿಯೇ ಒಂದು ಪಾಠ. ಶಂಕರ್ ವೇದಾಂತಮ್ ಅವರ 'ಹಿಡನ್ ಬ್ರೇನ್' ಕೂಡ ಒಳ್ಳೆಯದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಹೋದವರು. 2015ರಲ್ಲಿ ಎನ್‌ಪಿಆರ್‌ನಲ್ಲಿ ಇದನ್ನು ಆರಂಭಿಸಿ ಐದು ವರ್ಷದ ಮೇಲೆ ಸ್ವತಂತ್ರವಾಗಿ ನಡೆಸುತ್ತಿದ್ದಾರೆ. ನಮ್ಮ ಮನಸ್ಸು ನಮಗೆ ಗೊತ್ತಿಲ್ಲದೆ ಹೇಗೆ ನಡೆಯುತ್ತದೆ ಎಂಬುದು ವಿಷಯ. ಮಾತು ಸ್ಪಷ್ಟ, ನಿಧಾನ.

ಇದೆಲ್ಲ ಪುಕ್ಕಟೆ ಬರುತ್ತದೆ ಅಂದುಕೊಳ್ಳಬಾರದು. ಇಲ್ಲಿ ವರ್ಷಕ್ಕೆ ಕೆಲವು ಸಲ ನಿಲಯಗಳು ಕೇಳುಗರ ಮುಂದೆ ಕೈಚಾಚುತ್ತವೆ, ತಿಂಗಳಿಗೆ ಐದು ಡಾಲರ್ ಆದರೂ ಕೊಡಿ ಅಂತ. ಸಾರ್ವಜನಿಕ ಪ್ರಸಾರಕ್ಕೆಂದು ಮಾಡಿದ 1967ರ ಕಾಯ್ದೆಯಿಂದ ಬರುತ್ತಿದ್ದ ಸರ್ಕಾರಿ ಹಣವೂ ಇತ್ತು. 2025ರ ಜುಲೈನಲ್ಲಿ ಸಂಸತ್ತು ಎರಡು ವರ್ಷದ 110 ಕೋಟಿ ಡಾಲರ್ ಹಿಂದಕ್ಕೆ ಪಡೆಯಿತು. ದೊಡ್ಡ ಊರಿನ ನಿಲಯಗಳು ಹೇಗೋ ನಿಲ್ಲುತ್ತವೆ. ಅಲಾಸ್ಕದಂಥ ಕಡೆ, ಹಿಮಪಾತದ ಎಚ್ಚರಿಕೆಗೂ ಅದೊಂದೇ ದನಿ ಇರುವ ಹಳ್ಳಿಗಳ ನಿಲಯಗಳಿಗೆ ಪೆಟ್ಟು ಜಾಸ್ತಿ. ನಾನು ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಕೆಕ್ಯೂಇಡಿಗೆ ಕೊಡುತ್ತಿದ್ದುದನ್ನು ಎರಡರಷ್ಟು ಮಾಡಿದೆ. ಹನ್ನೊಂದು ವರ್ಷ ದಾರಿಯುದ್ದಕ್ಕೂ ಜೊತೆಗೆ ಕೂತವರಿಗೆ ಅಷ್ಟು ಕೊಡುವುದು ಋಣ.

ಅಗ್ರಹಾರದ ಬೀದಿ

ಎಲ್ಲರದ್ದೂ ಓದಿದೆ. ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪ್ರತಿ ಕೆಲಸಕ್ಕೂ ಒಂದು ದನಿ ಬೇಕೇ? ಹೂ ಕಟ್ಟುವಾಗ, ರಂಗೋಲಿ ಹಾಕುವಾಗ ಸುಮ್ಮನೆ ಇರುವುದೇ ನನಗೆ ವಿಶ್ರಾಂತಿ. ಹಿಂದೆ ರೇಡಿಯೊ ಇದ್ದರೂ ಮಧ್ಯಾಹ್ನ ನಿಲಯ ಮುಚ್ಚುತ್ತಿತ್ತು. ಆ ಬಿಡುವೂ ಕೇಳುವುದರ ಭಾಗ.

ಕಿವಿಯೇ ಪುಟ

ನಿಮ್ಮ ಮಾತು ಒಪ್ಪಿದೆ. ಎರಡು ಕಂತಿನ ನಡುವೆ ಮುಂದಿನದು ತಾನಾಗಿ ಶುರುವಾಗದಂತೆ ಆ್ಯಪಿನಲ್ಲಿ ನಿಲ್ಲಿಸಿಡಬಹುದು. ನಾನು ಹಾಗೇ ಇಟ್ಟಿದ್ದೇನೆ. ಕಂತು ಮುಗಿದ ಮೇಲೆ ಬೀದಿಯ ತರಕಾರಿ ಗಾಡಿಯವನ ಕೂಗು ಕೇಳಿದರೆ ಕಥೆ ಎಲ್ಲಿಗೆ ಬಂದು ನಿಂತಿತು ಎಂದು ತಿಳಿಯುತ್ತದೆ.

ಶಾಲೆ ವ್ಯಾನ್ ಅಮ್ಮ (ಮೈಸೂರು)

ಮಕ್ಕಳಿಗೂ ಒಂದು ಸೇರಿಸುತ್ತೇನೆ. ವರ್ಮಾಂಟ್ ರಾಜ್ಯದ ಸಾರ್ವಜನಿಕ ರೇಡಿಯೊದ 'ಬಟ್ ವೈ'. ಲೋಕದ ಯಾವ ಮೂಲೆಯ ಮಗುವಾದರೂ ತನ್ನ ದನಿಯಲ್ಲೇ ಪ್ರಶ್ನೆ ಕಳಿಸಬಹುದು, ಗೊತ್ತಿರುವವರನ್ನು ಹುಡುಕಿ ಉತ್ತರ ಕೊಡಿಸುತ್ತಾರೆ. ತಲೆ ಬಾಚುವಾಗ ಹಾಕುತ್ತೇನೆ. ಅರ್ಥವಾಗದ್ದನ್ನು ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಈಗ ಮಗನೇ ನಿಲ್ಲಿಸಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾನೆ. ಎರಡು ಜಡೆ ಮುಗಿಯುವ ಹೊತ್ತಿಗೆ ಮಗಳದೂ ಒಂದು ಪ್ರಶ್ನೆ ತಯಾರು.

ಬಾನುಲಿ ಹಳಬಳು (ಮೈಸೂರು)

ಅಜ್ಜಿಯ ಮಾತು ಬಂತಲ್ಲ, ನನ್ನ ಮನಸ್ಸಿನಲ್ಲಿ ಕೂತದ್ದನ್ನು ಹೇಳುತ್ತೇನೆ. ನಾನು ಹತ್ತೊಂಬತ್ತು ವರ್ಷ ಪ್ರಾಸಂಗಿಕ ಉದ್ಘೋಷಕಿಯಾಗಿದ್ದವಳು. ಮೊದಲ ದಿನ ಹಿರಿಯರು ಹೇಳಿಕೊಟ್ಟದ್ದು: ಸಾವಿರಾರು ಜನ ಕೇಳುತ್ತಾರೆ ಎಂದುಕೊಳ್ಳಬೇಡ, ಒಲೆ ಮುಂದೆ ಕೂತ ಒಬ್ಬಳಿಗೆ ಹೇಳು. ಈಗ ಈ ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲರೂ ಮೆಚ್ಚುವುದು ಆ ಗುಣವನ್ನೇ. ನಮಗದು ಹೊಸದಲ್ಲ. 1935ರಲ್ಲಿ ಇದೇ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಇಟ್ಟು ನಿಲಯ ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು.

ಸುಪ್ರೀಂ ಕೋರ್ಟ್ 1995ರಲ್ಲಿ ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ಅದಾದ ಆರು ವರ್ಷಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಹುಟ್ಟಿತು. ಗಾಳಿಯಲ್ಲಿ ಬಿಡಲು ಆಗ ಪರವಾನಗಿ ಇರಲಿಲ್ಲ, ಕೇಬಲ್ಲಿನಲ್ಲೇ ಮನೆಗಳಿಗೆ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು ತಾವೇ ದನಿ ಮುದ್ರಿಸಿ ಕಾರ್ಯಕ್ರಮ ಮಾಡಿದರು.

ಆದ್ದರಿಂದ ಇಂಗ್ಲಿಷ್ ಬಾರದ ಅಮ್ಮಂದಿರಿಗೆ ಏನು ಎಂದು ಯಾರಾದರೂ ಕೇಳಿದರೆ, 'ನ್ಯೂಸ್ ಆನ್ ಏರ್' ಆ್ಯಪಿನಲ್ಲಿ ಕನ್ನಡ ನಿಲಯಗಳು ನೇರವಾಗಿ ಬರುತ್ತವೆ, ಶಾಸ್ತ್ರೀಯ ಸಂಗೀತಕ್ಕೆ ಬೆಂಗಳೂರಿನ ಅಮೃತವರ್ಷಿಣಿ ಇದೆ ಎನ್ನುತ್ತೇನೆ. ಅಷ್ಟು ಸಾಲದು ಎಂಬುದೂ ನನಗೆ ಗೊತ್ತು. ಧಾರವಾಡ, ಬೆಂಗಳೂರು, ಮೈಸೂರು, ಭದ್ರಾವತಿ, ಮಂಗಳೂರು ನಿಲಯಗಳ ಹಳೆಯ ನಾಟಕ, ರೂಪಕ, ಸಂದರ್ಶನಗಳನ್ನು ಕಂತು ಕಂತಾಗಿ, ಬೇಕಾದಾಗ ಕೇಳುವ ಹಾಗೆ ಕನ್ನಡಿಗರ ಫೋನಿಗೆ ತರಬೇಕು. ಆ ದನಿಗಳ ಜೊತೆ ಕೆಲಸ ಮಾಡಿದವಳಾಗಿ ಇದನ್ನು ಕೈಮುಗಿದು ಕೇಳುತ್ತೇನೆ.

ಹೊಲಿಗೆಮನೆ (ಶಿವಮೊಗ್ಗ)

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಮದುವೆ ಸೀಸನ್. ಟೀ ಶರ್ಟ್ ಸರಣಿ ಪೂರ್ತಿ ಕೇಳಿದೆ. ಎರಡು ಸಲ.

ಮೊದಲು ಹತ್ತಿ. ಮಿಸಿಸಿಪ್ಪಿಯಲ್ಲಿ ದೊಡ್ಡ ಯಂತ್ರವೇ ಹೊಲಕ್ಕಿಳಿದು ಬಿಡಿಸುತ್ತದೆ. ಹಾವೇರಿ ಕಡೆ ನಮ್ಮ ಚಿಕ್ಕಮ್ಮ ಇವತ್ತಿಗೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೈಯಲ್ಲೇ ಬಿಡಿಸುತ್ತಾರೆ. ಬಾಂಗ್ಲಾದೇಶದ ಕಂತಿನಲ್ಲಿ ಕಾರ್ಖಾನೆಯಲ್ಲಿ ದುಡಿಯುವ ಇಬ್ಬರು ಅಕ್ಕತಂಗಿಯರ ಕಥೆ ಇದೆ. ಅದನ್ನು ಕೇಳುವಾಗ ಮಷಿನ್ ನಿಲ್ಲಿಸಿಬಿಟ್ಟೆ. ಅವರ ಹಿಂದೆ ಬರುವ ಸದ್ದು ನನ್ನ ಮಷಿನಿನದ್ದೇ, ನೂರಾರು ಪಟ್ಟು ಹೆಚ್ಚು. ನಾನು ಒಂದು ಬ್ಲೌಸನ್ನು ಅಳತೆಯಿಂದ ಹುಕ್ಕಿನವರೆಗೆ ನಾನೇ ಮುಗಿಸುತ್ತೇನೆ, ಕೊನೆಗೆ ಗಿರಾಕಿ ಹಾಕಿಕೊಂಡು ಕನ್ನಡಿ ನೋಡುವುದನ್ನೂ ನೋಡುತ್ತೇನೆ. ಅಲ್ಲಿ ಒಬ್ಬಳದು ತೋಳು ಮಾತ್ರ, ಇನ್ನೊಬ್ಬಳದು ಕತ್ತು ಮಾತ್ರ, ದಿನವಿಡೀ. ಅದೇ 2013ರ ಏಪ್ರಿಲ್‌ನಲ್ಲಿ ಢಾಕಾದ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಹೊಲಿಯುವವರು. ಆ ವರ್ಷದ ಕೊನೆಗೆ ಅಲ್ಲಿನ ಕನಿಷ್ಠ ಕೂಲಿ ತಿಂಗಳಿಗೆ 3,000 ಟಾಕಾದಿಂದ 5,300 ಟಾಕಾಕ್ಕೆ ಏರಿತು. ಏರಿದ ಮೇಲೂ ಅಷ್ಟೇ.

ಎದುರು ಮನೆಯ ಹುಡುಗಿ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹಬ್ಬಕ್ಕೆ ಬಂದಾಗ ಕರೆದು ಕೂರಿಸಿ ಕೇಳಿಸಿದೆ. ಅವಳಿಗೆ ಇಂಗ್ಲಿಷ್ ಅಷ್ಟು ಬಾರದು, ಕಿವಿಯೇ ಪುಟ ಅವರು ಹೇಳಿದ ಹಾಗೆ ಬರಹ ಇಟ್ಟುಕೊಂಡು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ನಡುವೆ ಅವಳು ಕೈ ಎತ್ತಿ ನಿಲ್ಲಿಸಿ, "ಅಕ್ಕಾ, ಆ ಹಿಂದಿನ ಸದ್ದು ಓವರ್‌ಲಾಕ್ ಮಷಿನ್‌ದು" ಅಂದಳು. ನನಗೂ ತಿಳಿದಿರಲಿಲ್ಲ. ಆಮೇಲೆ ತನ್ನ ಲೈನಿನ ಕಥೆ ಶುರು ಮಾಡಿದಳು. ಫೋನ್ ಪಕ್ಕಕ್ಕಿಟ್ಟು ಕತ್ತಲಾಗುವವರೆಗೆ ಅವಳದ್ದನ್ನೇ ಕೇಳಿದೆ.

ಮಾಸ್ತರ ಅವರ ಅಶೋಕ ನಾಳೆಗೆ. ಎರಡು ಕಂಚಿ ಸೀರೆಗೆ ಕುಚ್ಚು ಕಟ್ಟುವುದಿದೆ.

ಬಾನುಲಿ ಹಳಬಳು (ಮೈಸೂರು)

ಆ ಹುಡುಗಿ ಒಪ್ಪಿದರೆ ಅವಳ ಮಾತನ್ನು ಮುದ್ರಿಸಿಡಿ. ಫೋನಿನ ರೆಕಾರ್ಡರ್ ಸಾಕು, ಫ್ಯಾನ್ ಆರಿಸಿ, ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಎರಡು ನಿಮಿಷ ಮಷಿನ್ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಳ್ಳಿ. ಜೋಡಿಸುವ ಕೆಲಸ ನಾನು ಮಾಡಿಕೊಡುತ್ತೇನೆ.